ಯೂರೋಪಿನಲ್ಲಿ ಹಿರಿಯರ ಊರು ಹುಡುಕಿಕೊಂಡು: ಮನೆಮಂದಿಯೆಲ್ಲ ಕಾರಿನಲ್ಲಿ ಹೋಗುವುದು ಹೇಗೆ?

ನಮ್ಮ ಕಡೆ ಯಾರಾದರೂ ಹೊಸಬರು ಸಿಕ್ಕರೆ ಮೊದಲು ಕೇಳುವುದು "ಯಾವೂರು?" ಅಂತ. ಮದುವೆಯಾದ ಹೊಸದರಲ್ಲಿ ನನ್ನ ಗಂಡನಿಗೂ ಇದನ್ನೇ ಕೇಳಿದ್ದೆ. ಅವರು ಹುಟ್ಟಿ ಬೆಳೆದಿದ್ದು ಅಮೆರಿಕದ ಅಯೋವಾದಲ್ಲಿ. "ಅದಲ್ಲ, ನಿಮ್ಮ ಮೂಲ ಯಾವೂರು?" ಎಂದೆ. "ಜರ್ಮನಿ" ಎಂದರು. ಜರ್ಮನಿ ಒಂದು ಊರಲ್ಲ, ಅಲ್ವಾ?

ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಕೆಲವು ವರ್ಷಗಳೇ ಬೇಕಾದವು. ಸಿಕ್ಕ ಮೇಲೆ ಆರು ಜನ ಒಂದೇ ಕಾರಿನಲ್ಲಿ ಹೊರಟೆವು. ನಾವಿಬ್ಬರು, ಇಬ್ಬರು ಮಕ್ಕಳು, ಧಾರವಾಡದಿಂದ ಬಂದ ನನ್ನ ಅಪ್ಪ ಮತ್ತು ಅವ್ವ. ಹದಿನಾಲ್ಕು ದಿನ ತಿರುಗಿದೆವು. ಗಂಡನ ತಂದೆಯ ಕಡೆಯವರ ಊರು ದಕ್ಷಿಣದ ವುರ್ಟೆಂಬರ್ಗ್‌ನಲ್ಲಿ. ತಾಯಿಯ ಕಡೆಯವರ ಊರು ಉತ್ತರ ಸಮುದ್ರದ ದಡದ ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ. ಈಗ ಹೊರನಾಡಿನಲ್ಲಿ ಇಂಥ ಕುಟುಂಬಗಳು ಜಾಸ್ತಿಯಾಗುತ್ತಿವೆ. ಅಳಿಯನೋ ಸೊಸೆಯೋ ಯೂರೋಪ್ ಮೂಲದವರು, ಮಕ್ಕಳಿಗೆ ಎರಡೂ ಕಡೆಯ ಬೇರುಗಳು. ಅಂಥವರಿಗೆ ನಾವು ಕಲಿತದ್ದು ಉಪಯೋಗಕ್ಕೆ ಬರಲಿ ಎಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಮೊದಲು ಊರಿನ ಹೆಸರು ಹಿಡಿಯಿರಿ

ಟಿಕೆಟ್, ಕಾರು, ಹೋಟೆಲ್ ಎಲ್ಲ ಆಮೇಲೆ. ಊರಿನ ಹೆಸರು ಖಚಿತವಾಗದೆ ಹೊರಟರೆ ಅದು ಬರೀ ಪ್ರವಾಸವಾಗುತ್ತದೆ.

ಹುಡುಕಾಟವನ್ನು ವಲಸೆ ಬಂದ ದೇಶದಲ್ಲೇ ಶುರು ಮಾಡಿ. ಮನೆಯ ಹಳೆಯ ಬೈಬಲ್ ತೆಗೆದು ನೋಡಿ. ಅದರ ಮೊದಲ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವಿನ ತಾರೀಖು ಬರೆದಿಡುವ ರೂಢಿ ಇತ್ತು. ಅಮೆರಿಕದಲ್ಲಿ ಜರ್ಮನರು ಕಟ್ಟಿಕೊಂಡ ಚರ್ಚುಗಳ ದಾಖಲೆ, ಸಮಾಧಿ ಕಲ್ಲು, ಹಳೆಯ ಪತ್ರಿಕೆಗಳ ಮರಣ ವಾರ್ತೆ, ಇವೆಲ್ಲ ಜನಗಣತಿಗಿಂತ ಹೆಚ್ಚು ಹೇಳುತ್ತವೆ. ಜನಗಣತಿಯಲ್ಲಿ ಸಾಮಾನ್ಯವಾಗಿ ದೇಶದ ಹೆಸರಷ್ಟೇ ಇರುತ್ತದೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಇಂಥ ದಾಖಲೆಗಳನ್ನು ದುಡ್ಡಿಲ್ಲದೆ ನೋಡಬಹುದು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ನಾವೂ ಎಡವಿದೆವು.

ಒಂದು, ಹಳೆಯ ರಾಜ್ಯಗಳ ಹೆಸರು. ಅತ್ತೆಯ ಮುತ್ತಜ್ಜ ಹುಟ್ಟಿದ್ದು "ಹ್ಯಾನೋವರ್" ಎಂದು ದಾಖಲೆಯಲ್ಲಿತ್ತು. ನಾವು ಹ್ಯಾನೋವರ್ ನಗರದಲ್ಲಿ ಹುಡುಕುತ್ತ ತಿಂಗಳುಗಟ್ಟಲೆ ಕಳೆದೆವು. ಆದರೆ 1815ರಿಂದ 1866ರವರೆಗೆ ಹ್ಯಾನೋವರ್ ಒಂದು ರಾಜ್ಯವಾಗಿತ್ತು, ಓಸ್ಟ್‌ಫ್ರೀಸ್‌ಲಾಂಡ್ ಅದರೊಳಗಿತ್ತು. 1866ರ ನಂತರ ಅದೇ ಊರು "ಪ್ರಷ್ಯಾ" ಎಂಬ ಇನ್ನೊಂದು ಜರ್ಮನ್ ರಾಜ್ಯಕ್ಕೆ ಸೇರಿತು. ಒಬ್ಬನೇ ಮನುಷ್ಯ ಒಂದು ಕಾಗದದಲ್ಲಿ ಹ್ಯಾನೋವರ್‌ನವನು, ಇನ್ನೊಂದರಲ್ಲಿ ಪ್ರಷ್ಯದವನು. ಎರಡೂ ಸರಿಯೇ. ನಮ್ಮ ಅಜ್ಜ ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರು ರಾಜ್ಯದಲ್ಲಿ ದುಡಿದು, ಕರ್ನಾಟಕದಲ್ಲಿ ತೀರಿಕೊಂಡರು. ಮನೆ ಮಾತ್ರ ಇದ್ದಲ್ಲೇ ಇತ್ತು. ಹಾಗೆಯೇ ಇದು.

ಇನ್ನೊಂದು, ಒಂದೇ ಹೆಸರಿನ ಹಲವು ಊರುಗಳು. ಮಾವನ ಕಡೆಯವರ ಊರು ಹೌಸೆನ್. ದಕ್ಷಿಣ ಜರ್ಮನಿಯಲ್ಲಿ ಆ ಹೆಸರಿನ ಹಳ್ಳಿಗಳು ಎಷ್ಟೋ ಇವೆ. ನಾವು ಬೇರೆ ಯಾವುದೋ ಹೌಸೆನ್ ಹತ್ತಿರ ಮನೆ ಬುಕ್ ಮಾಡುವುದರಲ್ಲಿದ್ದೆವು. ಹಳೆಯ ಕಾಗದದಲ್ಲಿ ಬ್ರಾಕನ್‌ಹೈಮ್ ಎಂಬ ತಾಲ್ಲೂಕಿನ ಹೆಸರು ಸಿಕ್ಕಿದ್ದರಿಂದ ಬಚಾವಾದೆವು. ನಮ್ಮದು ತ್ಸಾಬರ್ ನದಿ ದಂಡೆಯ ಹೌಸೆನ್. ಈಗ ಅದು ಬ್ರಾಕನ್‌ಹೈಮ್ ಪಟ್ಟಣದ ಭಾಗ. ಆದ್ದರಿಂದ ಊರಿನ ಜೊತೆಗೆ ತಾಲ್ಲೂಕು, ನದಿ, ಪಕ್ಕದ ಊರು, ಏನು ಸಿಕ್ಕರೂ ಬರೆದಿಟ್ಟುಕೊಳ್ಳಿ.

ಊರು ಸಿಕ್ಕ ಮೇಲೆ ಚರ್ಚಿನ ಪುಸ್ತಕಗಳಿಗೆ ಬನ್ನಿ. ಇಡೀ ಜರ್ಮನಿಯಲ್ಲಿ ಸರ್ಕಾರಿ ಜನನ, ಮರಣ, ಮದುವೆ ನೋಂದಣಿ ಶುರುವಾಗಿದ್ದು 1876ರ ಜನವರಿ 1ರಿಂದ. ಅದಕ್ಕೂ ಮೊದಲಿನದಕ್ಕೆ ಹೆಚ್ಚಿನ ಕಡೆ ಚರ್ಚೇ ಗತಿ. ಪ್ರಾಟೆಸ್ಟೆಂಟ್ ಚರ್ಚುಗಳ ಪುಸ್ತಕಗಳು ಆರ್ಖಿಯೋನ್ ಎಂಬ ಜಾಲತಾಣದಲ್ಲಿವೆ, ಅದಕ್ಕೆ ಚಂದಾ ಕಟ್ಟಬೇಕು. ಕ್ಯಾಥೊಲಿಕ್ ಆದರೆ ಮಾಟ್ರಿಕುಲಾ ನೋಡಿ, ಅದು ಉಚಿತ. ವುರ್ಟೆಂಬರ್ಗ್ ಮೂಲದವರು ನಿಜಕ್ಕೂ ಅದೃಷ್ಟವಂತರು. ಅಲ್ಲಿ 1808ರಿಂದ ಪ್ರತಿ ಚರ್ಚಿನಲ್ಲೂ ಕುಟುಂಬದ ರಿಜಿಸ್ಟರ್ ಇಡಬೇಕಿತ್ತು. ಒಂದು ಪುಟದಲ್ಲಿ ಒಂದು ಮನೆ. ಗಂಡ, ಹೆಂಡತಿ, ಅವರ ತಂದೆ ತಾಯಿ, ಮಕ್ಕಳು. ಎಷ್ಟೋ ಕಡೆ ಮಗನ ಹೆಸರಿನ ಪಕ್ಕದಲ್ಲಿ "ಅಮೆರಿಕಕ್ಕೆ" ಎಂದೂ ಬರೆದಿರುತ್ತಾರೆ. ಆ ಪದವನ್ನು ಮೊದಲ ಸಲ ಓದಿದಾಗ ನನ್ನ ಗಂಡ ಬಹಳ ಹೊತ್ತು ಮಾತಾಡಲಿಲ್ಲ.

ಅಕ್ಷರ ಓದುವುದು ಕಷ್ಟ. ಆ ಕಾಲದ ಕೈಬರಹಕ್ಕೆ ಕುರೆಂಟ್ ಎನ್ನುತ್ತಾರೆ. ಈಗ ಜರ್ಮನ್ ಬಲ್ಲವರಿಗೂ ಅದು ಓದಲು ಬರುವುದಿಲ್ಲ, ನಮ್ಮಲ್ಲಿ ಹಳೆಯ ಕಡತಗಳ ಮೋಡಿ ಅಕ್ಷರ ಇದ್ದ ಹಾಗೆ. ನಿಮ್ಮ ಮನೆತನದ ಹೆಸರು ಕುರೆಂಟ್‌ನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಕಲಿಯಿರಿ. ಅದೊಂದು ಗುರುತು ಸಿಕ್ಕರೆ ಪುಟ ತಿರುಗಿಸುವುದು ಸಲೀಸು.

ಓಸ್ಟ್‌ಫ್ರೀಸ್‌ಲಾಂಡ್‌ನವರಿಗೆ ಒಂದು ಎಚ್ಚರಿಕೆ. ಅಲ್ಲಿ ಹಿಂದೆ ಮನೆತನದ ಹೆಸರೇ ಇರಲಿಲ್ಲ. ತಂದೆಯ ಹೆಸರೇ ಮಗನ ಎರಡನೇ ಹೆಸರು. 1811ರಲ್ಲಿ ನೆಪೋಲಿಯನ್ ಆಡಳಿತ ಎಲ್ಲರೂ ಕಾಯಂ ಹೆಸರು ಇಟ್ಟುಕೊಳ್ಳಬೇಕು ಎಂದು ಆಜ್ಞೆ ಮಾಡಿತು. ಆಮೇಲೂ ಜನ ಕೆಲವು ಕಾಲ ಹಳೆಯ ಪದ್ಧತಿ ಬಿಡಲಿಲ್ಲ. ಅತ್ತೆಗೆ ಇದು ತಲೆನೋವಾಗಿತ್ತು. ತಂದೆಯ ಹೆಸರಿನ ಇನಿಷಿಯಲ್ ಇಟ್ಟುಕೊಂಡು ಬೆಳೆದ ನನಗೆ ತಟ್ಟನೆ ಅರ್ಥವಾಯಿತು!

ಹಂತ 2: ಮೂರು ತಿಂಗಳು ಮೊದಲೇ ಪತ್ರ ಬರೆಯಿರಿ

ಹಳ್ಳಿಯ ಚರ್ಚು ಯಾವಾಗಲೂ ತೆರೆದಿರುತ್ತದೆ ಎಂದುಕೊಳ್ಳಬೇಡಿ. ಈಗ ಎಷ್ಟೋ ಕಡೆ ಮೂರು ನಾಲ್ಕು ಹಳ್ಳಿಗೆ ಒಬ್ಬರೇ ಪಾದ್ರಿ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಗೊತ್ತಿರಬೇಕು.

ಮೂವರಿಗೆ ಬರೆಯಿರಿ. ಊರಿನ ಚರ್ಚ್ ಕಚೇರಿಗೆ, ಊರಿನ ಇತಿಹಾಸ ಸಂಘಕ್ಕೆ, ಆ ಭಾಗದ ದಾಖಲೆ ಸಂಗ್ರಹಕ್ಕೆ. ಹೈಮಾಟ್‌ಫೆರೈನ್ ಎಂದು ಕರೆಯುವ ಈ ಊರಿನ ಸಂಘಗಳಲ್ಲಿ ನಿವೃತ್ತ ಮೇಷ್ಟ್ರು, ಹಳೆಯ ಗುಮಾಸ್ತರು ಇರುತ್ತಾರೆ. ಊರಿನ ಪ್ರತಿ ಮನೆಯ ಕಥೆ ಅವರ ಬಾಯಲ್ಲಿರುತ್ತದೆ. ಓಸ್ಟ್‌ಫ್ರೀಸ್‌ಲಾಂಡ್‌ಗೆ ಔರಿಖ್ ಪಟ್ಟಣವೇ ಕೇಂದ್ರ. ಅಲ್ಲಿನ ಉಪ್‌ಸ್ಟಾಲ್ಸ್‌ಬೂಮ್ ವಂಶಾವಳಿ ಸಂಘ ಹಳ್ಳಿ ಹಳ್ಳಿಯ ಕುಟುಂಬ ಪುಸ್ತಕಗಳನ್ನು ಪ್ರಕಟಿಸಿದೆ. ವುರ್ಟೆಂಬರ್ಗ್‌ನವರಿಗೆ ಸ್ಟುಟ್‌ಗಾರ್ಟ್‌ನ ಚರ್ಚ್ ದಾಖಲೆ ಸಂಗ್ರಹವಿದೆ, ಲುಡ್ವಿಗ್ಸ್‌ಬರ್ಗ್‌ನ ಸರ್ಕಾರಿ ಸಂಗ್ರಹವಿದೆ.

ಪತ್ರ ಜರ್ಮನ್‌ನಲ್ಲಿರಲಿ, ಒಂದೇ ಪುಟ ಇರಲಿ. ಹಿರಿಯರ ಹೆಸರು, ಹುಟ್ಟಿದ ವರ್ಷ, ಊರು ಬಿಟ್ಟ ವರ್ಷ, ನೀವು ಬರುವ ದಿನ, ಎಷ್ಟು ಜನ, ನಿಮಗೆ ಬೇಕಾದದ್ದು ಏನು. "ಚರ್ಚನ್ನು ಅರ್ಧ ಗಂಟೆ ತೆರೆಯಬಹುದೇ?" ಎಂಬಂಥ ಚಿಕ್ಕ ಕೋರಿಕೆಗೆ ಉತ್ತರ ಬೇಗ ಬರುತ್ತದೆ. "ನಮ್ಮ ವಂಶದ ಮಾಹಿತಿ ಎಲ್ಲ ಕಳಿಸಿ" ಎಂದರೆ ಬರುವುದು ಕಷ್ಟ.

ಹಂತ 3: ದಾರಿ

ಎರಡು ಊರು, ನಡುವೆ ಒಂದು ಬಂದರು. ಎರಡು ವಾರಕ್ಕೆ ಅಷ್ಟು ಸಾಕು. ಐದು ದೇಶ ಸೇರಿಸುವ ಆಸೆ ಬಿಟ್ಟುಬಿಡಿ.

ನಾವು ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ಅಲ್ಲಿಂದ ಬ್ರಾಕನ್‌ಹೈಮ್ ಎರಡು ಗಂಟೆಯೊಳಗಿನ ದಾರಿ. ಐದು ರಾತ್ರಿ ಅಲ್ಲೇ ಒಂದೇ ಮನೆಯಲ್ಲಿ ಇದ್ದು ಸುತ್ತಲಿನದನ್ನೆಲ್ಲ ನೋಡಿದೆವು. ಆಮೇಲೆ ಉತ್ತರಕ್ಕೆ ಸುಮಾರು 700 ಕಿಲೋಮೀಟರ್. ಮಕ್ಕಳು, ವಯಸ್ಸಾದವರು ಇದ್ದರೆ ಅದನ್ನು ಎರಡು ದಿನಕ್ಕೆ ಹಂಚಿ. ಬ್ರೆಮರ್‌ಹಾಫನ್‌ನಲ್ಲಿ ಎರಡು ರಾತ್ರಿ, ಕೊನೆಗೆ ಔರಿಖ್ ಹತ್ತಿರ ನಾಲ್ಕು ರಾತ್ರಿ.

ಬ್ರೆಮರ್‌ಹಾಫನ್ ಬಿಡಲೇಬೇಡಿ. 1830ರಿಂದ 1974ರವರೆಗೆ ಆ ಒಂದು ಬಂದರಿನಿಂದ 70 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದ್ದಾರೆ. 2005ರಲ್ಲಿ ತೆರೆದ ವಲಸೆ ಮ್ಯೂಸಿಯಂ ಅದೇ ಹಳೆಯ ಬಂದರಿನ ಪಕ್ಕದಲ್ಲಿದೆ. ಕತ್ತಲೆಯ ಧಕ್ಕೆ, ಹಡಗಿನೊಳಗಿನ ಇಕ್ಕಟ್ಟಾದ ಮಂಚಗಳು, ಎಲ್ಲವನ್ನೂ ಮತ್ತೆ ಕಟ್ಟಿದ್ದಾರೆ. ಊರು ನೋಡಿದ ಮೇಲೆ ಇದನ್ನು ನೋಡಿದರೆ ಮಕ್ಕಳಿಗೆ ಕಥೆ ಪೂರ್ತಿ ಆಗುತ್ತದೆ. ಆದರೆ ಹೆಸರು ಹುಡುಕುವ ಆಸೆಯಿಂದ ಹೋಗುವವರು ತಿಳಿದಿರಲಿ: ಈ ಬಂದರು ಸೇರಿದ್ದ ಬ್ರೆಮೆನ್ ಕಡೆಯ 19ನೇ ಶತಮಾನದ ಪ್ರಯಾಣಿಕರ ಪಟ್ಟಿಗಳು ಬಹುತೇಕ ಉಳಿದಿಲ್ಲ. ಹ್ಯಾಂಬರ್ಗ್ ಬಂದರಿನ 1850ರಿಂದ 1934ರವರೆಗಿನ ಪಟ್ಟಿಗಳು ಉಳಿದಿವೆ, ಅವನ್ನು ಮನೆಯಲ್ಲೇ ಕೂತು ಹುಡುಕಬಹುದು.

ಹಂತ 4: ವೀಸಾ ಮತ್ತು ಕಾಗದ ಪತ್ರ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ (ಜರ್ಮನಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಬೇಕು. ಅಮೆರಿಕದ ಪಾಸ್‌ಪೋರ್ಟ್ ಇದ್ದ ಮಕ್ಕಳಿಗೆ ಬೇಡ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಅಪ್ಪ ಅವ್ವನ ಅರ್ಜಿಗೆ ಮಗಳು ಅಳಿಯನ ಪತ್ರ, ಉಳಿಯುವ ಮನೆಗಳ ಬುಕಿಂಗ್, ದಿನದ ಪಟ್ಟಿ ಎಲ್ಲ ಜೋಡಿಸಿ. ಚರ್ಚ್ ಕಚೇರಿಯಿಂದ ಬಂದ ಉತ್ತರದ ಪ್ರತಿಯನ್ನೂ ನಾವು ಇಟ್ಟಿದ್ದೆವು.

ಕಾರು ಓಡಿಸುವವರು ತಮ್ಮ ಲೈಸೆನ್ಸ್ ಜೊತೆಗೆ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಭಾರತದಲ್ಲಾದರೆ ಆರ್‌ಟಿಓದಲ್ಲಿ ಸಿಗುತ್ತದೆ.

ಹಂತ 5: ಕಾರು

ಆರು ಜನಕ್ಕೆ ಏಳು ಸೀಟಿನ ಕಾರು ಸಾಕು ಎಂದು ನಾವೂ ಲೆಕ್ಕ ಹಾಕಿದ್ದೆವು. ಹಿಂದಿನ ಸೀಟು ಎತ್ತಿದರೆ ಸಾಮಾನು ಇಡಲು ಜಾಗವೇ ಇರುವುದಿಲ್ಲ. ಒಂಬತ್ತು ಸೀಟಿನ ವ್ಯಾನ್ ತೆಗೆದುಕೊಳ್ಳಿ. ಗೇರ್ ಇಲ್ಲದ ಕಾರು ಬೇಕಾದರೆ ಬುಕ್ ಮಾಡುವಾಗಲೇ ಹೇಳಿ, ಅಲ್ಲಿ ಗೇರ್ ಕಾರುಗಳೇ ಸಾಮಾನ್ಯ. ಹನ್ನೆರಡು ವರ್ಷ ತುಂಬದ, 150 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ.

ಆಟೋಬಾನ್ ಎನ್ನುವ ಜರ್ಮನ್ ಹೆದ್ದಾರಿಗಳ ವೇಗದ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಿಜವಾಗಿ ಎಚ್ಚರ ಬೇಕಾದದ್ದು ಹಳ್ಳಿಗಳಲ್ಲಿ. ಬೋರ್ಡು, ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ಅದು ಎಷ್ಟೇ ಸಣ್ಣ ಓಣಿಯಾದರೂ ಸರಿ. ಊರಿನ ಹೆಸರಿನ ಹಳದಿ ಫಲಕ ಕಂಡ ತಕ್ಷಣ ವೇಗ 50ಕ್ಕೆ ಇಳಿಯಬೇಕು. ಆ ಹಳದಿ ಫಲಕದ ಪಕ್ಕದಲ್ಲಿ ಎಲ್ಲರೂ ನಿಂತು ಒಂದು ಫೋಟೊ ತೆಗೆಸಿಕೊಳ್ಳಿ. ಕಾರನ್ನು ಮಾತ್ರ ಊರೊಳಗೆ ನಿಲ್ಲಿಸಿ ನಡೆದು ಬನ್ನಿ.

ಹೆದ್ದಾರಿಯಲ್ಲಿ ಎಡ ಸಾಲು ಮುಂದೆ ಹೋಗಲು ಮಾತ್ರ. ವಾಹನಗಳು ನಿಂತುಬಿಟ್ಟರೆ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸ್‌ಗೆ ನಡುವೆ ದಾರಿ ಬಿಡಬೇಕು. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಸ್ವಿಟ್ಜರ್ಲೆಂಡ್‌ನ ಹೆದ್ದಾರಿಗೆ ಹೋದರೆ 40 ಫ್ರಾಂಕಿನ ವರ್ಷದ ವಿನ್ಯೆಟ್ (ಟೋಲ್ ಪರವಾನಗಿ) ಕೊಳ್ಳಬೇಕು.

ಹಂತ 6: ಊಟ, ಉಡುಗೊರೆ

ಹೋಟೆಲಿಗಿಂತ ಅಡುಗೆಮನೆ ಇರುವ ಬಾಡಿಗೆ ಮನೆ ವಾಸಿ. ಅವ್ವ ದಿನಾ ಸಂಜೆ ಅನ್ನ, ಸಾರು ಮಾಡುತ್ತಿದ್ದಳು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು, ತರಕಾರಿ ತಂದಿಡಿ. ಹೊರಗೆ ತಿನ್ನುವುದಾದರೆ ವುರ್ಟೆಂಬರ್ಗ್‌ನಲ್ಲಿ ಕೇಸೆಶ್ಪೆಟ್ಸ್ಲೆ ಕೇಳಿ. ಮೆತ್ತನೆಯ ಶಾವಿಗೆಯಂಥದಕ್ಕೆ ಚೀಸ್, ಹುರಿದ ಈರುಳ್ಳಿ ಹಾಕಿರುತ್ತಾರೆ. ಮಾಂಸ ಬೇಡ ಎಂದು ಬಾಯಿಬಿಟ್ಟು ಹೇಳಿ.

ಊರಿನವರಿಗೆ ಕೊಡಲು ಅಪ್ಪ ಧಾರವಾಡ ಪೇಢೆ ತರಬೇಕು ಎಂದಿದ್ದರು. ಅದು ಆಗುವುದಿಲ್ಲ. ಹೊರದೇಶದಿಂದ ಹಾಲಿನ, ಮಾಂಸದ ಪದಾರ್ಥ ಯೂರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪವೂ ಅಷ್ಟೆ. ನಾವು ಚನ್ನಪಟ್ಟಣದ ಗೊಂಬೆ, ಗುಳೇದಗುಡ್ಡದ ಖಣದ ಬಟ್ಟೆ ಒಯ್ದೆವು.

ಹಂತ 7: ಊರು ಮುಟ್ಟಿದ ಮೇಲೆ

ಎಲ್ಲರೂ ಮೊದಲು ಸ್ಮಶಾನಕ್ಕೆ ಓಡುತ್ತಾರೆ. ನಾವೂ ಓಡಿದೆವು. ಮಾವನ ಹಿರಿಯರ ಒಂದು ಕಲ್ಲೂ ಇರಲಿಲ್ಲ. ಜರ್ಮನಿಯಲ್ಲಿ ಸಮಾಧಿ ಜಾಗ ಸಾಮಾನ್ಯವಾಗಿ 20, 30 ವರ್ಷದ ಬಾಡಿಗೆಗೆ ಕೊಡುವಂಥದ್ದು. ಅವಧಿ ಮುಗಿದು ಯಾರೂ ಹಣ ಕಟ್ಟದಿದ್ದರೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ. ಇದು ಗೊತ್ತಿಲ್ಲದೆ ಹೋದರೆ ಮನಸ್ಸು ಮುದುಡುತ್ತದೆ. ಮನೆಯವರಿಗೆ ಮುಂಚೆಯೇ ಹೇಳಿಡಿ.

ಬದಲಿಗೆ ಈ ಜಾಗಗಳನ್ನು ನೋಡಿ. ಚರ್ಚಿನ ಹತ್ತಿರ ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕ ಬಹುತೇಕ ಪ್ರತಿ ಊರಲ್ಲೂ ಇರುತ್ತದೆ. ಅದರಲ್ಲಿ ನಿಮ್ಮ ಮನೆತನದ ಹೆಸರಿದ್ದರೆ, ಊರು ಬಿಡದ ಅಣ್ಣ ತಮ್ಮಂದಿರ ಕವಲು ಅಲ್ಲೇ ಉಳಿದಿತ್ತು ಎಂದು ಅರ್ಥ. ನಮಗೆ ಎರಡು ಹೆಸರು ಸಿಕ್ಕವು. ಆಮೇಲೆ ಚರ್ಚಿನೊಳಗೆ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಎಷ್ಟು ಹಳೆಯದು ಎಂದು ಕೇಳಿ. ಕಟ್ಟಡ ರಿಪೇರಿಯಾದರೂ ತೊಟ್ಟಿ ಹಳೆಯದೇ ಇರುವುದುಂಟು. ಮುತ್ತಜ್ಜನ ಅಜ್ಜನನ್ನು ಕೂಸಾಗಿದ್ದಾಗ ಎತ್ತಿಕೊಂಡು ನಿಂತ ಜಾಗ ಅದು. ನನ್ನ ಮಗ ಅದರ ಅಂಚು ಮುಟ್ಟಿ, "ತಣ್ಣಗಿದೆ" ಎಂದ. ನನ್ನ ಗಂಡ ಪಕ್ಕದಲ್ಲಿ ಸುಮ್ನೆ ನಿಂತಿದ್ದರು.

ಊರ ಹೊರಗೂ ನಡೆಯಿರಿ. ವುರ್ಟೆಂಬರ್ಗ್‌ನ ಆ ಭಾಗದಲ್ಲಿ ಹೊಲವನ್ನು ಮಕ್ಕಳೆಲ್ಲ ಸಮನಾಗಿ ಹಂಚಿಕೊಳ್ಳುವ ಪದ್ಧತಿ ಇತ್ತು. ತಲೆಮಾರಿನಿಂದ ತಲೆಮಾರಿಗೆ ತುಂಡು ಸಣ್ಣದಾಗುತ್ತಾ ಹೋಯಿತು. 1840ರ ದಶಕದ ಕೊನೆಗೆ ಆಲೂಗಡ್ಡೆ ರೋಗ, ಬೆಳೆ ಹಾನಿ ಬೇರೆ. ದ್ರಾಕ್ಷಿ ತೋಟದ ಆ ಕಿರಿದಾದ ಪಟ್ಟಿಗಳನ್ನು ನೋಡಿದ ಅಪ್ಪ, "ಪಾಲು ಆಗಿ ಆಗಿ ಹಿಂಗಾಗೇದ. ನಮ್ಮ ಹೊಲಾನೂ ಹಂಗ ಆತಲ್ಲ" ಎಂದರು. ಊರು ಯಾಕೆ ಬಿಟ್ಟರು ಎಂಬುದಕ್ಕೆ ಅಷ್ಟು ಸಾಕಾಯಿತು.

ಹಂತ 8: ಕನ್ನಡದವರಿಗೆ ಮಾತ್ರ ಸಿಗುವ ದಾರಿ

ಇದು ನಾವು ಯೋಚಿಸದೇ ಸಿಕ್ಕಿದ್ದು. ಬ್ರಾಕನ್‌ಹೈಮ್ ಎಂಬ ಹೆಸರನ್ನು ಎಲ್ಲೋ ಓದಿದ್ದೇನಲ್ಲ ಎನಿಸುತ್ತಿತ್ತು. ಮಂಗಳೂರಿನಲ್ಲಿ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೊಗ್ಲಿಂಗ್ 1811ರಲ್ಲಿ ಹುಟ್ಟಿದ ಪಟ್ಟಣ ಅದು. ಮಾವನ ಹಿರಿಯರ ಚರ್ಚಿನಿಂದ ಕೂಗಳತೆಯಲ್ಲಿ! ಅಲ್ಲಿಂದ ದಕ್ಷಿಣಕ್ಕೆ ಹೋದರೆ ಟ್ಯೂಬಿಂಗನ್. ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಅಲ್ಲೇ. ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು.

ಕಿಟ್ಟೆಲ್ ಹುಟ್ಟಿದ್ದು ಮಾತ್ರ ದೂರದ ಉತ್ತರದಲ್ಲಿ, 1832ರಲ್ಲಿ, ಓಸ್ಟ್‌ಫ್ರೀಸ್‌ಲಾಂಡ್‌ನ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ. ಅದು ಡೋರ್ನುಮ್ ಪಕ್ಕ, ಅತ್ತೆಯ ಹಿರಿಯರ ಊರಿಗೆ ಅರ್ಧ ಗಂಟೆ ದಾರಿ. ಸುತ್ತ ಚಪ್ಪಟೆ ನೆಲ, ಗಾಳಿ, ದನ, ದೂರದಲ್ಲಿ ಸಮುದ್ರ ತಡೆಯುವ ಒಡ್ಡು. ಅಪ್ಪ ನಲವತ್ತು ವರ್ಷ ಕನ್ನಡ ಮೇಷ್ಟ್ರು. ಕಿಟ್ಟೆಲ್ ನಿಘಂಟಿನ ಸುಮಾರು 70,000 ಪದಗಳ ಬಗ್ಗೆ ಮಕ್ಕಳಿಗೆ ಪಾಠ ಹೇಳಿದವರು. ಆ ಹಳ್ಳಿಯ ದಾರಿಯಲ್ಲಿ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೆದರು. ಮಕ್ಕಳಿಗೆ ಅದುವರೆಗೆ ಇದು ತಮ್ಮ ಅಪ್ಪನ ಕಡೆಯ ಪ್ರವಾಸವಾಗಿತ್ತು. ಆ ದಿನ ಅಮ್ಮನ ಕಡೆಯದೂ ಆಯಿತು.

ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆ ಬಾಸೆಲ್ ಮಿಶನ್ ಶಾಲೆಯಲ್ಲೋ ಹೆಂಚಿನ ಕಾರ್ಖಾನೆಯಲ್ಲೋ ಹಿರಿಯರು ಇದ್ದವರು ಒಂದು ದಿನ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ಗೂ ಹೋಗಬಹುದು. ಮಿಶನ್ನಿನ ದಾಖಲೆ ಸಂಗ್ರಹ ಅಲ್ಲಿದೆ, ಮೊದಲೇ ದಿನ ಗೊತ್ತು ಮಾಡಿಕೊಂಡು ಹೋಗಿ. ಹಳೆಯ ಫೋಟೊಗಳನ್ನು ಅವರ ಜಾಲತಾಣದಲ್ಲೇ ನೋಡಬಹುದು.

ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಯಾರ ಮನೆಗೆ ಹೋದರೂ ಚಹಾ ಕೊಡುತ್ತಾರೆ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ ಹಾಕಿ, ಮೇಲೆ ಕಡಕ್ ಚಹಾ ಸುರಿಯುತ್ತಾರೆ. ಸಕ್ಕರೆ ಚಟಪಟ ಎನ್ನುತ್ತದೆ. ಆಮೇಲೆ ಅಂಚಿನಿಂದ ಒಂದು ಚಮಚ ಕೆನೆ. ಕಲಸಬಾರದು. ಮೂರು ಬಟ್ಟಲು ಕುಡಿಯುವುದು ಮರ್ಯಾದೆ. ಸಾಕು ಎನ್ನಲು ಚಮಚವನ್ನು ಬಟ್ಟಲೊಳಗೆ ಇಡಬೇಕು. ಅವ್ವನಿಗೆ ಇದು ಗೊತ್ತಿರಲಿಲ್ಲ, ಐದು ಬಟ್ಟಲು ಬಂತು. "ಇದು ನಮ್ಮ ಕಲ್ಲುಸಕ್ರಿನ ಅಲ್ಲೇನ?" ಎಂದು ಒಂದು ತುಂಡು ಕೈಗೆ ತೆಗೆದುಕೊಂಡು ನೋಡಿದಳು.

ಹಂತ 9: ವಾಪಸು ಬಂದ ಮೇಲೆ

ಪ್ರತಿ ರಾತ್ರಿ ಆ ದಿನ ಯಾರನ್ನು ಕಂಡಿರಿ, ಏನು ಹೇಳಿದರು ಎಂದು ಬರೆದಿಡಿ. ಫೋಟೊಗಳಿಗೆ ಊರಿನ ಹೆಸರು ಹಾಕಿ. ಇಲ್ಲದಿದ್ದರೆ ತಿಂಗಳೊಳಗೆ ಎಲ್ಲ ಚರ್ಚೂ ಒಂದೇ ಥರ ಕಾಣುತ್ತವೆ.

ನೀವು ತಂದದ್ದರ ಜೊತೆಗೆ ಅಲ್ಲಿಗೂ ಏನಾದರೂ ಕೊಡಿ. ಊರು ಬಿಟ್ಟವರಿಗೆ ಆಮೇಲೆ ಏನಾಯಿತು ಎಂಬುದು ಆ ಊರಿನವರಿಗೆ ಗೊತ್ತಿರುವುದಿಲ್ಲ. ಅವರ ಪುಸ್ತಕದಲ್ಲಿ ಕಥೆ "ಅಮೆರಿಕಕ್ಕೆ" ಎಂಬಲ್ಲಿಗೆ ನಿಂತಿರುತ್ತದೆ. ನಾವು ಅಲ್ಲಿಂದ ಇಲ್ಲಿಯವರೆಗಿನ ವಂಶಾವಳಿ ಬರೆದು, ಅಯೋವಾದ ಹೊಲದ ಎರಡು ಹಳೆಯ ಫೋಟೊ ಸೇರಿಸಿ ಹೌಸೆನ್‌ಗೆ ಕಳಿಸಿದೆವು. ಚರ್ಚಿನ ಬೀಗ ತೆಗೆದು ತೋರಿಸಿದ್ದ ಹಿರಿಯರಿಂದ ಉತ್ತರ ಬಂತು. ಎಲ್ಲವನ್ನೂ ತಮ್ಮ ಊರಿನ ಪುಸ್ತಕಕ್ಕೆ ಸೇರಿಸಿಕೊಂಡಿದ್ದರು. ಮಕ್ಕಳ ಹೆಸರು ಅವರ ತಾಯಿಯ ಭಾಷೆಯಲ್ಲಿ ಹೇಗೆ ಬರೆಯುತ್ತಾರೆ, ಅದನ್ನೂ ಕಳಿಸಬಹುದೇ ಎಂದು ಕೇಳಿದ್ದರು. ಮಗಳು ಇಬ್ಬರ ಹೆಸರನ್ನೂ ದುಂಡಗೆ ಕನ್ನಡದಲ್ಲಿ ಬರೆದು, ತಾನೇ ಹೋಗಿ ಅಂಚೆಗೆ ಹಾಕಿ ಬಂದಳು.